ತೋಟ ನೋಡಲು ಹೋದರೆ ಅಂಗಡಿ ತೋರಿಸುತ್ತಾರೆ

ಕಳೆದ ಭಾನುವಾರ ನಾನೂ ನಮ್ಮ ಮನೆಯವರೂ ಮಡಿಕೇರಿ ಹತ್ತಿರದ ಒಂದು ಮಸಾಲೆ ತೋಟಕ್ಕೆ ಹೋಗಿದ್ದೆವು. ಟಿಕೆಟ್ ಕೊಟ್ಟು ಒಳಗೆ ಹೋದರೆ ತೋಟದಲ್ಲಿ ಹತ್ತೇ ನಿಮಿಷ. ಆಮೇಲೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ!

"ಇದು ಏಲಕ್ಕಿ, ಇದು ಮೆಣಸು, ಬನ್ನಿ ಬನ್ನಿ" ಅಂತ ಓಡಿಸಿಕೊಂಡೇ ಹೋದರು. ಏಲಕ್ಕಿ ಕಾಯಿ ಬಿಡುವುದು ಗಿಡದ ಬುಡದಲ್ಲಿ, ನೆಲದ ಹತ್ತಿರ. ಬಗ್ಗಿ ನೋಡುವುದಕ್ಕೂ ಬಿಡಲಿಲ್ಲ. ಒಂದೇ ಬಳ್ಳಿಯ ಕಾಳನ್ನು ಸಿಪ್ಪೆ ಸಮೇತ ಒಣಗಿಸಿದರೆ ಕರಿಮೆಣಸು, ಹಣ್ಣಾದದ್ದನ್ನು ನೆನೆಸಿ ಸಿಪ್ಪೆ ತೆಗೆದು ಒಣಗಿಸಿದರೆ ಬಿಳಿಮೆಣಸು. ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು, ಅಲ್ವಾ?

ಜಾಸ್ತಿ ಸಿಟ್ಟು ಬಂದದ್ದು ಚಕ್ಕೆ ವಿಷಯಕ್ಕೆ. "ಅಸಲಿ ದಾಲ್ಚಿನ್ನಿ" ಅಂತ ಕೊಟ್ಟರು. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ದಪ್ಪ, ಗಟ್ಟಿ, ಒಂದೇ ಪದರದ ಕ್ಯಾಸಿಯಾ, ಅಂದರೆ ದಾಲ್ಚಿನ್ನಿ ಜಾತಿಯದೇ ಬೇರೊಂದು ಮರದ ತೊಗಟೆ. ಅಸಲಿಯಾದರೆ ಕಾಗದದಂಥ ತೆಳು ಪದರಗಳು ಒಂದರೊಳಗೊಂದು ಸುತ್ತಿಕೊಂಡಿರುತ್ತವೆ, ಕೈಯಲ್ಲೇ ಮುರಿಯಬಹುದು. ಕ್ಯಾಸಿಯಾವನ್ನು ಕ್ಯಾಸಿಯಾ ಅಂತಲೇ ಮಾರಲಿ. ಪಲಾವಿಗೆ ನಾವೂ ಅದನ್ನೇ ಹಾಕುತ್ತೇವೆ. ಸುಳ್ಳು ಯಾಕೆ?

ನಮ್ಮ ಪಂದಿ ಕರಿಗೆ, ಅಂದರೆ ಹಂದಿ ಮಾಂಸದ ಸಾರಿಗೆ, ಕಾಳುಮೆಣಸೇ ಜೀವ. ಕಾಫಿ ತೋಟದ ಮರಮರಕ್ಕೂ ಆ ಬಳ್ಳಿ ಹಬ್ಬಿಸಿ ಬೆಳೆಯುವ ಊರು ಇದು. ದೂರದಿಂದ ಬಂದವರು ಆ ಅಂಗಡಿಯನ್ನೇ ಕೊಡಗು ಅಂದುಕೊಂಡು ಹೋಗುತ್ತಾರಲ್ಲ, ಅದೇ ನನಗೆ ಸಂಕಟ.