ಬುಧವಾರದ ಮನೆ

ಹೋದ ನವೆಂಬರ್‌ನಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಬರುವಾಗ ಇಂಗ್ಲೆಂಡಿನ ಪ್ರೆಸ್ಟನ್ ಊರಿನ ನಮ್ಮ ಮನೆ ಬಾಗಿಲಲ್ಲಿ ಇಬ್ಬರು ಹುಡುಗರು ಮಳೆಯಲ್ಲಿ ನೆನೆಯುತ್ತ ನಿಂತಿದ್ದರು. ಬಿಳಿ ಅಂಗಿ, ಟೈ, ಎದೆಯ ಮೇಲೆ ಕಪ್ಪು ಬಿಲ್ಲೆಯಲ್ಲಿ ಹೆಸರು. ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪ್ರಚಾರಕ್ಕೆ ಎರಡು ವರ್ಷ ಮನೆಮನೆ ತಿರುಗಲು ಬಂದವರು. ಬಾಗಿಲು ಅರ್ಧ ತೆರೆದುಕೊಂಡು ನಿಂತಿದ್ದ ನನ್ನ ಹೆಂಡತಿ, "ಒಳಗೆ ಬನ್ನಿ ಅಂತ ಎರಡು ಸಲ ಕರೆದೆ ಕಣ್ರಿ, ಒಲ್ಲೆ ಅಂತಾರೆ" ಎಂದಳು. ಹೆಂಗಸೊಬ್ಬಳೇ ಇರುವ ಮನೆಗೆ ಅವರು ಕಾಲಿಡುವ ಹಾಗಿಲ್ಲವಂತೆ. ನಾನು ಬಂದೆನಲ್ಲ, ಒಳಗೆ ಬಂದರು.

ಮಲೆನಾಡಿನ ಮನೆಯಲ್ಲಿ ಹುಟ್ಟಿದವರಿಗೆ ಬಂದವರ ಕೈಗೆ ಲೋಟ ಕೊಡದೆ ಮಾತು ಹೊರಡುವುದಿಲ್ಲ. ಕಾಫಿ ಅಂದೆವು, ಬೇಡ. ಟೀ ಅಂದೆವು, ಅದೂ ಬೇಡ. ಮಾರ್ಮನ್ನರು ಕಾಫಿ, ಟೀ, ಹೆಂಡ, ಹೊಗೆಸೊಪ್ಪು ಮುಟ್ಟುವುದಿಲ್ಲ ಎಂದು ಎಲ್ಲೋ ಓದಿದ್ದು ನನಗೆ ಆಗ ನೆನಪಾಯಿತು. ಅವರ ಮತಸ್ಥಾಪಕ ಜೋಸೆಫ್ ಸ್ಮಿತ್ 1833ರಲ್ಲಿ ಹೇಳಿದ ಪಥ್ಯ ಅದು. ಹೆಂಡತಿ ಊರಿಂದ ತಂದಿದ್ದ ಕಷಾಯದ ಪುಡಿ ತೆಗೆದಳು. ಕೊತ್ತಂಬರಿ, ಜೀರಿಗೆ, ಒಂದಿಷ್ಟು ಮೆಂತೆ, ಮೇಲೆ ಹಾಲು ಬೆಲ್ಲ. ಇದರಲ್ಲಿ ಟೀ ಸೊಪ್ಪು ಇಲ್ಲ ತಾನೆ ಎಂದು ಕೇಳಿ ಖಾತ್ರಿ ಮಾಡಿಕೊಂಡು ಕುಡಿದರು. ಚಿಕ್ಕವನು ಎರಡೂ ಕೈಯಲ್ಲಿ ಲೋಟ ಹಿಡಿದು ಕುಳಿತಿದ್ದ. ಬೆರಳುಗಳು ಚಳಿಗೆ ಕೆಂಪಗಾಗಿದ್ದವು.

ಅವನು ಪ್ರೆಸ್ಟನ್‌ಗೆ ಬಂದು ನಾಲ್ಕು ದಿನವಾಗಿತ್ತು. ಅಮೆರಿಕದ ಐಡಾಹೊ ರಾಜ್ಯದ ಆಲೂಗಡ್ಡೆ ಬೆಳೆಗಾರರ ಮಗ, ವಯಸ್ಸು 19. ಜೊತೆಗಿದ್ದವನು ಒಂದು ವರ್ಷ ಹಳಬ, ಇವನನ್ನು ಪಳಗಿಸುವವನು. ಇಬ್ಬರಿಗೂ ಹೆಸರು "ಎಲ್ಡರ್", ಜೊತೆಗೆ ಮನೆತನದ ಹೆಸರು, ಅಷ್ಟೇ. ಎರಡು ವರ್ಷ ಅಮ್ಮ ಇಟ್ಟ ಹೆಸರಿಂದ ಇಲ್ಲಿ ಯಾರೂ ಕರೆಯುವುದಿಲ್ಲ. ಎಲ್ಡರ್ ಅಂದರೆ ಹಿರಿಯ. ಮೀಸೆ ಸರಿಯಾಗಿ ಚಿಗುರದ ಹುಡುಗನಿಗೆ ಇದೇನು ಎಂದು ಮೊದಲು ಅನಿಸಿತು. ಆಮೇಲೆ ನಮ್ಮೂರಿನ ಅಯ್ಯಪ್ಪನ ಮಾಲೆ ನೆನಪಿಗೆ ಬಂತು. ಮಾಲೆ ಹಾಕಿದ ಗಳಿಗೆಯಿಂದ ಹತ್ತು ವರ್ಷದ ಪೋರನೂ ಸ್ವಾಮಿಯೇ, ಹೆತ್ತ ಅಪ್ಪನೂ ಅವನನ್ನು "ಸ್ವಾಮಿ, ಊಟಕ್ಕೆ ಬನ್ನಿ" ಎಂದೇ ಕರೆಯಬೇಕು. ನಮ್ಮದು 41 ದಿನದ ವ್ರತ, ಇವರದು ಎರಡು ವರ್ಷದ್ದು. ಹುಡುಗಿಯರಿಗೆ ಒಂದೂವರೆ ವರ್ಷ.

ಎಲ್ಲಿಗೆ ಹೋಗಬೇಕೆಂದು ಆರಿಸುವುದು ಅವರಲ್ಲ, ಅವರ ಚರ್ಚು. ಪತ್ರ ಬಂದ ದಿನ ಬಂಧುಬಳಗ ಎಲ್ಲ ಕೂಡಿ, ಎಲ್ಲರ ಎದುರಿಗೆ ತೆರೆದು ಓದುತ್ತಾರೆ. ಬ್ರೆಜಿಲ್ಲೋ ಘಾನಾವೋ ಪಕ್ಕದ ರಾಜ್ಯವೋ, ಬಂದದ್ದಕ್ಕೆ ಹೂಂ ಅನ್ನಬೇಕು. ಖರ್ಚು ಮನೆಯದೇ. ಅಮೆರಿಕದ ಕುಟುಂಬಗಳು ಮೊದಲು ತಿಂಗಳಿಗೆ 400 ಡಾಲರ್ ಕಟ್ಟುತ್ತಿದ್ದವು, 2020ರ ಜುಲೈಯಿಂದ 500. ಬೆಳಿಗ್ಗೆ ಆರೂವರೆಗೆ ಏಳಬೇಕು, ರಾತ್ರಿ ಹತ್ತೂವರೆಗೆ ದೀಪ ಆರಿಸಬೇಕು. ಎಲ್ಲಕ್ಕಿಂತ ದೊಡ್ಡ ನಿಯಮ, ಜೊತೆಗಾರನ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಸದಾ ಇರಬೇಕು.

ಇಂಗ್ಲಿಷ್ ಆಡುವ ಹುಡುಗ ಇಂಗ್ಲೆಂಡಿಗೆ ಬಂದರೆ ಭಾಷೆಯ ಕಷ್ಟ ಇಲ್ಲ ಅಂದುಕೊಂಡಿದ್ದನಂತೆ. ಮೈಸೂರಿನವನು ಮೊದಲ ಸಲ ಹುಬ್ಬಳ್ಳಿಯ ಸಂತೆಯಲ್ಲಿ ನಿಂತ ಹಾಗಾಗಿದೆ ಅವನ ಗತಿ. ಎರಡನೇ ದಿನ ಚರ್ಚಿನ ಬಾಗಿಲಲ್ಲಿ ಒಬ್ಬ ಅಜ್ಜಿ "ಇವತ್ತು ನಮ್ಮಲ್ಲಿಗೆ ಟೀಗೆ ಬನ್ನಿ" ಎಂದರಂತೆ. ಹುಡುಗ ವಿನಯದಿಂದ, ನಾವು ಟೀ ಕುಡಿಯುವುದಿಲ್ಲ ಎಂದುಬಿಟ್ಟ. ಪ್ರೆಸ್ಟನ್ ಇರುವ ಈ ಲ್ಯಾಂಕಾಷೈರ್ ಕಡೆ ಟೀ ಅಂದರೆ ಸಂಜೆಯ ಊಟ. ಆಚೆ ಯಾರೊಂದಿಗೋ ಮಾತಾಡುತ್ತಿದ್ದ ಹಳಬ ಇತ್ತ ತಿರುಗುವಷ್ಟರಲ್ಲಿ ಅಜ್ಜಿ ಹೊರಟುಹೋಗಿದ್ದರು. ಆ ರಾತ್ರಿ ಇಬ್ಬರಿಗೂ ಬ್ರೆಡ್ಡೇ ಗತಿ. ಇದನ್ನು ಹೇಳುವಾಗ ಹುಡುಗನ ದನಿ ಸಣ್ಣಗಾಯಿತು. ಹೆಂಡತಿ ನನ್ನ ಮುಖ ನೋಡಿದಳು, ಎದ್ದು ಹೋಗಿ ಅನ್ನಕ್ಕೆ ಇಟ್ಟಳು. ಅವತ್ತು ಇದ್ದದ್ದು ತಿಳಿಸಾರು, ಆಲೂಗಡ್ಡೆ ಪಲ್ಯ. ತಟ್ಟೆ ನೋಡಿ ಹುಡುಗ, "ನಮ್ಮಪ್ಪ ಬೆಳೆಯುವುದು ಇದನ್ನೇ" ಎಂದ. ಅವನ ಮುಖ ಅರಳಿದ್ದು ಆಗಲೇ.

ಈ ಊರಿಗೂ ಅವರ ಪಂಥಕ್ಕೂ ಹಳೆಯ ನಂಟು. ಅಟ್ಲಾಂಟಿಕ್ ದಾಟಿದ ಮೊದಲ ಮಾರ್ಮನ್ ಪ್ರಚಾರಕರು 1837ರ ಜುಲೈಯಲ್ಲಿ ಲಿವರ್‌ಪೂಲ್‌ನಲ್ಲಿ ಇಳಿದು ನೇರ ಪ್ರೆಸ್ಟನ್‌ಗೆ ಬಂದವರು. ಅದೇ ತಿಂಗಳ 30ರಂದು ರಿಬಲ್ ನದಿಯಲ್ಲಿ ಒಂಬತ್ತು ಜನಕ್ಕೆ ದೀಕ್ಷೆ ಕೊಟ್ಟರು. ನಾನು ಭಾನುವಾರ ವಾಕಿಂಗ್ ಹೋಗುವ ಅವೆನ್‌ಹ್ಯಾಮ್ ಪಾರ್ಕು ಇಳಿಯುವುದು ಅದೇ ನದಿಗೆ. 1933ರಲ್ಲಿ ಗಾರ್ಡನ್ ಹಿಂಕ್ಲಿ ಎಂಬ 23ರ ಯುವಕ ಅಮೆರಿಕದ ಯೂಟಾ ರಾಜ್ಯದಿಂದ ಪ್ರಚಾರಕ್ಕೆ ಇಲ್ಲಿಗೇ ಬಂದ. ಹುಲ್ಲಿನ ಪರಾಗಕ್ಕೆ ಕಣ್ಣು ಮೂಗು ಸೋರುತ್ತಿತ್ತು, ಗಿರಣಿಗಳು ನಿಂತು ಊರು ಸೊರಗಿತ್ತು, ಯಾರೂ ಇವನ ಮಾತು ಕೇಳುತ್ತಿರಲಿಲ್ಲ. ನನ್ನ ಕಾಲ, ನಿಮ್ಮ ದುಡ್ಡು ಎರಡೂ ದಂಡವಾಗುತ್ತಿದೆ ಎಂದು ಅಪ್ಪನಿಗೆ ಬರೆದ. ನಿನ್ನನ್ನು ನೀನು ಮರೆತು ಕೆಲಸಕ್ಕೆ ಹತ್ತು ಎಂದು ಅಪ್ಪ ಉತ್ತರ ಬರೆದರು. ಮುಂದೆ 1995ರಿಂದ 2008ರವರೆಗೆ ಇಡೀ ಚರ್ಚಿಗೆ ಅಧ್ಯಕ್ಷರಾದದ್ದು ಇದೇ ಹಿಂಕ್ಲಿ. ಆ ಪತ್ರದ ಕಥೆಯನ್ನು ಇಬ್ಬರೂ ಹುಡುಗರು ಬಾಯಿಪಾಠದಂತೆ ಹೇಳಿದರು. ನನ್ನ ಮನಸ್ಸಿಗೆ ಹೆಚ್ಚು ತಾಗಿದ್ದು ಇನ್ನೊಂದು ಸಂಗತಿ. ಹಿಂಕ್ಲಿಯ ಪ್ರಯಾಣದ ದುಡ್ಡಿನಲ್ಲಿ ಆ ಮೊದಲೇ ತೀರಿಕೊಂಡಿದ್ದ ತಾಯಿ ದಿನಸಿ ಅಂಗಡಿಯ ಚಿಲ್ಲರೆ ಕೂಡಿಟ್ಟದ್ದೂ ಸೇರಿತ್ತು. ಸಾಸಿವೆ ಡಬ್ಬಿಯ ದುಡ್ಡು. ನನ್ನ ಮೊದಲ ವಿಮಾನದ ಟಿಕೆಟ್ಟಿನಲ್ಲೂ ಅಂಥ ದುಡ್ಡು ಇತ್ತು.

ನಾನು ಓದಲು ಇಂಗ್ಲೆಂಡಿಗೆ ಬಂದದ್ದು 2004ರ ಸೆಪ್ಟೆಂಬರ್‌ನಲ್ಲಿ. ಇನ್ನೊಂದು ಊರಿನಲ್ಲಿ, ಹೀಟರ್ ಕೆಟ್ಟ ಒಂದು ನೆಲಮಾಳಿಗೆ ಕೋಣೆ. ಮೂರನೇ ದಿನಕ್ಕೆ ಜ್ವರ ಬಂತು. ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಉದುರಿಸಿಕೊಂಡು ನಾಲ್ಕು ದಿನ ಕಳೆದೆ. ಫೋನ್ ಕಾರ್ಡ್ ಉಜ್ಜಿ ಮನೆಗೆ ಫೋನ್ ಮಾಡಿದಾಗಲೆಲ್ಲ ಅಮ್ಮ "ಊಟ ಆಯ್ತಾ?" ಅಂದರೆ, "ಆಯ್ತಮ್ಮ, ಅನ್ನ ಸಾರು ಮಾಡ್ಕೊಂಡಿದ್ದೆ" ಅನ್ನುತ್ತಿದ್ದೆ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದು ಹಿಡಿಯುವವರು ಆ ಊರಲ್ಲಿ ಒಬ್ಬರೂ ಇರಲಿಲ್ಲ.

ನನಗೆ ಹೇಳಬೇಕಿರುವುದು ಇದನ್ನೇ. ಈಗಿನ ನಮ್ಮ ಮಕ್ಕಳು ದಿನಕ್ಕೆರಡು ಸಲ ವಿಡಿಯೊ ಕಾಲ್ ಮಾಡುತ್ತಾರೆ, ಅದೇ ಸುಳ್ಳು ಹೇಳುತ್ತಾರೆ. ಅಡಿಕೆ ತೋಟದ ಮೇಲೆ ಸಾಲ ಎತ್ತಿ ಕಳಿಸಿದ ಅಪ್ಪ ಅಮ್ಮನಿಗೆ ನಿಜ ಹೇಳಲು ಯಾವ ಮಗುವಿಗೆ ಬಾಯಿ ಬರುತ್ತದೆ? ಆ ಐಡಾಹೊ ಹುಡುಗನಿಗೆ ಮನೆಗೆ ಫೋನು ವಾರಕ್ಕೆ ಒಮ್ಮೆ. ಅದೂ 2019ರಿಂದ. ಅದಕ್ಕೆ ಮೊದಲು ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್‌ಗೊಂದು, ತಾಯಂದಿರ ದಿನಕ್ಕೊಂದು. ಅದು ಕ್ರೂರ ನಿಯಮ ಎಂದೇ ನನ್ನ ಅನಿಸಿಕೆ. ಆದರೂ ಅವನು ಉಂಡನೋ ಇಲ್ಲವೋ ಎಂದು ನೋಡಲು ಪಕ್ಕದಲ್ಲಿ ಒಬ್ಬನಿದ್ದಾನೆ. ಚರ್ಚಿನ ಮನೆಗಳವರು ಯಾವ ದಿನ ಯಾರ ಮನೆಯಲ್ಲಿ ಈ ಹುಡುಗರಿಗೆ ಊಟ ಎಂದು ಒಂದು ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳುತ್ತಾರೆ.

ಪಟ್ಟಿ ಎಂದಾಗ ನಾನು ಕುಳಿತಲ್ಲೇ ನೆಟ್ಟಗಾದೆ. ಇದು ವಾರಾನ್ನ! ತೀರ್ಥಹಳ್ಳಿ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಓದಲು ಹೋದ ನನ್ನಪ್ಪ ಉಂಡದ್ದು ಹೀಗೆಯೇ, ಏಳು ದಿನಕ್ಕೆ ಏಳು ಮನೆ. ಬುಧವಾರದ ಮನೆಯ ಅಮ್ಮ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಬಡಿಸುತ್ತಿದ್ದುದನ್ನು ಎಂಬತ್ತರ ವಯಸ್ಸಿನಲ್ಲೂ ಹೇಳುತ್ತಿದ್ದರು. ಯಾವುದಾದರೂ ಮನೆಗೆ ಸೂತಕ ಬಂದರೆ ಅವತ್ತು ಉಪವಾಸ. ಹಿತ್ತಲ ಬಾಗಿಲಲ್ಲಿ ಕಾದು ನಿಲ್ಲುವ ಸಂಕೋಚ ಬೇರೆ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಆ ವಾರಾನ್ನ ಜಾತಿಯ ಬೇಲಿಯೊಳಗೇ ಇತ್ತು. ಅಪ್ಪನ ಸಹಪಾಠಿಗಳಲ್ಲಿ ಆ ಬಾಗಿಲು ತೆರೆಯದೇ ಹೋದವರು ಎಷ್ಟೋ ಮಂದಿ. ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ ಅಕ್ಷರ ಎರಡನ್ನೂ ಕೊಡುತ್ತ ಬಂದ ಸಿದ್ಧಗಂಗೆಯಂಥ ಮಠಗಳು ತೋರಿಸಿದ್ದು ಬೇರೆ ದಾರಿ.

ಮಾರ್ಮನ್ ಹುಡುಗರ ಕೆಲಸ ನನಗೆ ಒಪ್ಪಿಗೆಯಿಲ್ಲ. ಇನ್ನೊಬ್ಬರ ಬಾಗಿಲು ತಟ್ಟಿ ನಮ್ಮ ದೇವರ ದಾರಿಗೆ ಬನ್ನಿ ಅನ್ನುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಅದನ್ನು ಅವರಿಗೆ ಹೇಳಿಯೂ ಹೇಳಿದೆ. ನಮಗೆ ನಮ್ಮ ಮನೆದೇವರಿದ್ದಾನೆ, ನಿಮ್ಮ ಧರ್ಮದ ಪುಸ್ತಕ ಬೇಡಪ್ಪ ಎಂದೆ. ಹಳಬ ತಲೆದೂಗಿ ಪುಸ್ತಕ ಚೀಲಕ್ಕೆ ಹಾಕಿಕೊಂಡ. ಚಿಕ್ಕವನು ತಾನು ಉಂಡ ತಟ್ಟೆಯನ್ನು ತೊಳೆದೇ ಇಡುತ್ತೇನೆಂದು ಸಿಂಕಿನ ಮುಂದೆ ನಿಂತ. ಬೇಡವೆಂದರೂ ಕೇಳಲಿಲ್ಲ. ಬೆನ್ನು ತಿರುಗಿಸಿ ನಿಂತಿದ್ದ ಅವನ ಭುಜ ಎರಡು ಸಲ ಅಲುಗಿತು. ಹೆಂಡತಿ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಈಚೆ ಬಂದಳು. ಜನವರಿಯಲ್ಲಿ ಅವನಿಗೆ ಬೇರೆ ಊರಿಗೆ ವರ್ಗವಾಯಿತು.

ಈ ಸೆಪ್ಟೆಂಬರ್‌ಗೆ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಬರುವ ಕನ್ನಡದ ಹುಡುಗ ಹುಡುಗಿಯರಿಗಾಗಿ ನಾವೂ ಒಂದು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇವೆ. ಯಾರ ಮಕ್ಕಳು, ಯಾವ ಊರು, ಯಾವ ಜನ ಎಂದು ಕೇಳುವುದಿಲ್ಲ. ಬುಧವಾರ ನಮ್ಮದು. ಮಂಗಳವಾರ, ಶುಕ್ರವಾರ, ಭಾನುವಾರಕ್ಕೆ ಮೂರು ಮನೆಯವರು ಒಪ್ಪಿದ್ದಾರೆ. ಸೋಮವಾರ, ಗುರುವಾರ, ಶನಿವಾರ ಇನ್ನೂ ಖಾಲಿ ಇವೆ. ಪ್ರೆಸ್ಟನ್, ಚೋರ್ಲಿ, ಲೇಲ್ಯಾಂಡ್ ಸುತ್ತಿನ ಕನ್ನಡಿಗರು ಇದನ್ನು ಓದುತ್ತಿದ್ದರೆ ದಯವಿಟ್ಟು ಒಂದು ದಿನ ಹಿಡಿಯಿರಿ. ಅನ್ನ ಸಾರು ಸಾಕು.