"ನನ್ನ ನಾಯಿ ಏನೂ ಮಾಡಲ್ಲ" ಅನ್ನುವವರಿಗೆ

ಬೆಳಿಗ್ಗೆ ಮೂರು ತಾಸು, ಶಿಕಾಗೋದ ಸರೋವರದ ದಂಡೆಯ ಮಾಂಟ್ರೋಸ್ ಬೀಚಿನಲ್ಲಿ, ಪೈಪಿಂಗ್ ಪ್ಲವರ್ ಎಂಬ ಅಪರೂಪದ ಹಕ್ಕಿಯ ಗೂಡು ಕಾದು ಈಗಷ್ಟೇ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ.

ಗೂಡಿನ ಸುತ್ತ ಹಗ್ಗ ಕಟ್ಟಿದ ಜಾಗದ ಪಕ್ಕದಲ್ಲೇ ಒಬ್ಬರು ನಾಯಿಯ ಬೆಲ್ಟ್ ಬಿಚ್ಚಿಬಿಟ್ಟರು. ಅದು ಹಗ್ಗದಡಿ ನುಗ್ಗಿ ಒಳಗೆ ಓಡಿತು. ನಾನು ಕೂಗಿಕೊಂಡೆ. ಅವರು ನಗುತ್ತಲೇ ಹೇಳಿದರು: "ನನ್ನ ನಾಯಿ ಏನೂ ಮಾಡಲ್ಲ."

ಈ ಮಾತನ್ನು ಈ ಬೇಸಿಗೆಯಲ್ಲಿ ಎಷ್ಟು ಸಲ ಕೇಳಿದೆನೋ! ನಾಯಿಗಳಿಗೆಂದೇ ಬೇಲಿ ಹಾಕಿದ ಬೇರೆ ಬೀಚು ಅಲ್ಲೇ ಪಕ್ಕದಲ್ಲಿದೆ. ಆದರೂ ಇಲ್ಲಿಗೇ ಬರಬೇಕು.

ಪೈಪಿಂಗ್ ಪ್ಲವರ್ ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಹಕ್ಕಿ. ನಮ್ಮೂರ ಬಯಲಲ್ಲಿ ಕೂಗುವ ಟಿಟ್ಟಿಭದ ಬಳಗ. ಅದರಂತೆ ಇದೂ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಮರಳಿನದೇ ಬಣ್ಣ. ಕಾಲ ಬುಡದಲ್ಲಿದ್ದರೂ ಕಾಣುವುದಿಲ್ಲ. ಗೂಡಿಗೆ ತಂತಿ ಪಂಜರ ಮುಚ್ಚಿರುತ್ತಾರೆ, ನಿಜ. ನಾಯಿ ಬಾಯಿ ಹಾಕದೇ ಇರಬಹುದು. ಆದರೆ ಅದು ಹತ್ತಿರ ಬಂದರೆ ಸಾಕು, ಕಾವು ಕೂತ ಹಕ್ಕಿ ಎದ್ದು ಹೋಗುತ್ತದೆ. ರೆಕ್ಕೆ ಮುರಿದ ಹಾಗೆ ಎಳೆದುಕೊಂಡು, ತನ್ನನ್ನೇ ಹಿಡಿಯಲಿ ಎಂದು ನಾಯಿಯ ಮುಂದೆ ಹೊರಳುತ್ತದೆ. ಅಷ್ಟು ಹೊತ್ತು ಮೊಟ್ಟೆ ಬಿಸಿಲಿಗೆ. ಮರಿ ಆದಮೇಲಂತೂ ಇನ್ನೂ ಕಷ್ಟ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಗಳು ಪಂಜರದಿಂದ ಹೊರಗೆ ಬಂದು, ಬೂರುಗದ ಹತ್ತಿ ಗಾಳಿಗೆ ಸಿಕ್ಕ ಹಾಗೆ ನೀರಂಚಿಗೆ ಓಡುತ್ತವೆ. ಹಾರಲು ಮೂರ್ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಕಾಲೇ ಗತಿ.

ಏನೂ ಮಾಡಲ್ವಂತೆ!

ಇಲ್ಲಿಯ ಕಥೆ ಕೆಲವರಿಗೆ ಗೊತ್ತು. 2019ರಲ್ಲಿ ಮಾಂಟಿ, ರೋಸ್ ಎಂಬ ಜೋಡಿ ಇಲ್ಲಿ ಗೂಡು ಮಾಡಿದಾಗ, ಶಿಕಾಗೋದಲ್ಲಿ ಈ ಹಕ್ಕಿ ಗೂಡು ಕಟ್ಟಿ ಅರವತ್ತು ವರ್ಷಗಳ ಮೇಲಾಗಿತ್ತು. ಆ ವರ್ಷ ಈ ಬೀಚಿನಲ್ಲಿ ನಡೆಯಬೇಕಿದ್ದ ದೊಡ್ಡ ಸಂಗೀತ ಉತ್ಸವವೇ ರದ್ದಾಯಿತು. ಬೆಳಗಿನಿಂದ ಸಂಜೆವರೆಗೆ ಜನ ಪಾಳಿ ಹಾಕಿಕೊಂಡು ಕಾದರು. ಮಾಂಟಿ 2022ರ ಮೇನಲ್ಲಿ ಇದೇ ಬೀಚಿನಲ್ಲಿ ಸತ್ತಿತು. ರೋಸ್ ಆ ವರ್ಷ ಬರಲೇ ಇಲ್ಲ. ಅವುಗಳ ಮಗ ಇಮಾನಿ ಮಾತ್ರ ಹುಟ್ಟೂರು ಬಿಡಲಿಲ್ಲ. 2024ರಲ್ಲಿ ಅದಕ್ಕೂ ಜೋಡಿ ಸಿಕ್ಕಿತು. ನಾಲ್ಕು ಮರಿಗಳಲ್ಲಿ ಉಳಿದದ್ದು ಒಂದೇ. ಗ್ರೇಟ್ ಲೇಕ್ಸ್ ಎಂಬ ಇಲ್ಲಿಯ ಐದು ದೊಡ್ಡ ಸರೋವರಗಳ ಸುತ್ತ 1980ರ ದಶಕದಲ್ಲಿ ಇಪ್ಪತ್ತು ಜೋಡಿಯೂ ಇರದೇ ಹೋದ ಕಾಲವಿತ್ತು. 2024ರಲ್ಲಿ 81 ಜೋಡಿ. ಇಷ್ಟಾಗಲು ನಲವತ್ತು ವರ್ಷ ಬೇಕಾಯಿತು.

"2021ರಲ್ಲಿ ಸ್ಕಂಕ್ ಪಂಜರದೊಳಗಿನ ಮೊಟ್ಟೆಗಳನ್ನೇ ತಿಂದಿತಲ್ಲ, ಅದನ್ನು ತಡೆದಿರಾ?" ಎಂದು ಒಬ್ಬರು ಕೇಳಿದರು. ಸ್ಕಂಕ್ ಅಂದರೆ ಗಬ್ಬು ನಾತ ಬಿಡುವ, ಬೆಕ್ಕಿನಷ್ಟಿರುವ ಕಾಡುಪ್ರಾಣಿ. ತಡೆಯಲಾಗಲಿಲ್ಲ. ಆದರೆ ಸ್ಕಂಕ್ ಹೊಟ್ಟೆಪಾಡಿಗೆ ತಿಂದಿತು. ಅದಕ್ಕೆ ಬೋರ್ಡ್ ಓದಲು ಬರುವುದಿಲ್ಲ. ನಿಮಗೆ ಬರುತ್ತದೆ. "ಬೀಚ್ ಎಲ್ಲರದ್ದು" ಅನ್ನುವವರೂ ಇದ್ದಾರೆ. ಸರೋವರದ ದಂಡೆಗುಂಟ ಹೋಗುವ ಕಾಲುದಾರಿ ಲೇಕ್‌ಫ್ರಂಟ್ ಟ್ರೇಲ್ 18 ಮೈಲಿ ಉದ್ದ ಇದೆ. ಹಕ್ಕಿಗೆ ಬಿಟ್ಟಿರುವುದು ಒಂದು ಮೂಲೆ, ಅಷ್ಟೇ.

ಒಂದು ವಿಷಯ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಈ ಊರಿಗೆ ಬಂದ ಮೊದಲ ಬೇಸಿಗೆಯಲ್ಲಿ ಮಗಳ ಚೆಂಡು ತರಲು ನಾನೂ ಈ ಹಗ್ಗ ದಾಟಿದ್ದೆ. ಕುಂದಾಪುರದ ಕಡಲಲ್ಲಿ ಆಡಿ ಬೆಳೆದವಳಿಗೆ ಮರಳಿಗೆ ಹಗ್ಗ ಕಟ್ಟುವುದೇ ವಿಚಿತ್ರ ಅನ್ನಿಸಿತ್ತು. ವಯಸ್ಸಾದ ಒಬ್ಬ ಹೆಂಗಸು ಬಂದರು. ಬೈಯಲಿಲ್ಲ. ಬೈನಾಕ್ಯುಲರ್ ಕೊಟ್ಟು "ಅಲ್ಲಿ ನೋಡು" ಅಂದರು. ನನ್ನ ಕಾಲು ಬಿದ್ದ ಜಾಗದಿಂದ ನಾಲ್ಕೇ ಮಾರು ದೂರದಲ್ಲಿ ಮರಿಯೊಂದು ಅಲುಗಾಡದೆ ಮರಳಿಗೆ ಅಂಟಿ ಕೂತಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಇವತ್ತೂ ನಾನು ಹಾಗೇ ಬೈನಾಕ್ಯುಲರ್ ಕೊಡಬೇಕಿತ್ತು. ಕೂಗಾಡಿಬಿಟ್ಟೆ. ಅವರು ಮುಖ ಗಂಟಿಕ್ಕಿಕೊಂಡು ನಾಯಿ ಕರೆದುಕೊಂಡು ಹೋದರು. ಹಕ್ಕಿ ಮತ್ತೆ ಮೊಟ್ಟೆಯ ಮೇಲೆ ಕೂರಲು ಹನ್ನೊಂದು ನಿಮಿಷ ಹಿಡಿಯಿತು. ವಾಚ್ ನೋಡುತ್ತಲೇ ಇದ್ದೆ.

ಶನಿವಾರ ಏಳಕ್ಕೆ ಮತ್ತೆ ನನ್ನ ಪಾಳಿ. ಶಿಕಾಗೋದಲ್ಲಿರುವ ನಮ್ಮವರು ಬನ್ನಿ, ಮಕ್ಕಳನ್ನೂ ಕರೆತನ್ನಿ. ಇನ್ನೊಂದು ಬೈನಾಕ್ಯುಲರ್ ಇದೆ.