ಮೂವತ್ತೈದು ವರ್ಷ ಹಳೆಯ ಬೆಲೆಗೆ ಸಾಕ್ಷಿ ಬೇಕಾಗಿದೆ

ಇಂಗ್ಲೆಂಡಿನಲ್ಲಿ ಮನೆಯ ಬೆಲೆ ಏರುತ್ತದೆ, ಇಳಿಯುತ್ತದೆ, ಪತ್ರಿಕೆಗಳ ಮುಖಪುಟಕ್ಕೆ ಬರುತ್ತದೆ, ನೆಂಟರ ಮನೆಯ ಊಟದಲ್ಲಿ ಚರ್ಚೆಯಾಗುತ್ತದೆ. ವಾಸದ ಮನೆಗಳ ಮೇಲೆ ಸ್ಥಳೀಯ ಆಡಳಿತ ವಸೂಲು ಮಾಡುವ ಕೌನ್ಸಿಲ್ ಟ್ಯಾಕ್ಸ್ ಎಂಬ ತೆರಿಗೆಯ ಕಡತದಲ್ಲಿ ಮಾತ್ರ ಅದು 1991ರ ಏಪ್ರಿಲ್ 1ರಂದು ನಿಂತದ್ದು ಇಂದಿಗೂ ಕದಲಿಲ್ಲ. ಆ ದಿನ ಮುಕ್ತ ಮಾರುಕಟ್ಟೆಯಲ್ಲಿ ಎಷ್ಟಕ್ಕೆ ಮಾರಾಟವಾಗಬಹುದಿತ್ತು ಎಂಬ ಊಹೆಯ ಮೇಲೆ ಅಲ್ಲಿನ ಪ್ರತಿಯೊಂದು ವಾಸದ ಮನೆಯನ್ನೂ ಎ ಯಿಂದ ಎಚ್‌ವರೆಗಿನ ಎಂಟು ಬ್ಯಾಂಡುಗಳಲ್ಲಿ ಒಂದಕ್ಕೆ ಸೇರಿಸಲಾಗಿದೆ. 40,000 ಪೌಂಡಿನವರೆಗಿನದು ಎ, 68,000 ದಾಟಿ 88,000ದವರೆಗಿನದು ಡಿ, 3,20,000 ದಾಟಿದ್ದೆಲ್ಲ ಎಚ್. ಆ ಮೊದಲ ಮೊತ್ತಕ್ಕೆ ಲಂಡನ್ನಿನ ಒಳ್ಳೆಯ ಬೀದಿಯಲ್ಲಿ ಇಂದು ಕಾರು ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. (ಏಪ್ರಿಲ್ 1 ಎಂಬುದು ಹಣಕಾಸು ವರ್ಷದ ಲೆಕ್ಕದಿಂದ ಬಂದ ತಾರೀಖು, ಶಾಸನ ಬರೆದವರಿಗೆ ಹಾಸ್ಯಪ್ರಜ್ಞೆಯಿತ್ತೆಂದು ಆರೋಪಿಸುವುದು ಅನ್ಯಾಯ.)

ಈ ಅಕ್ಷರಗಳು ಹುಟ್ಟಿದ ಬಗೆಯನ್ನು ತಿಳಿದರೆ ಅವುಗಳ ಮೇಲಿನ ಭಕ್ತಿ ಇಮ್ಮಡಿಸುತ್ತದೆ. ಮಾರ್ಗರೆಟ್ ಥ್ಯಾಚರ್ ಸರಕಾರ ತಲೆಗಿಷ್ಟೆಂದು ಹೇರಿದ ಪೋಲ್ ಟ್ಯಾಕ್ಸಿನ ವಿರುದ್ಧ 1990ರ ಮಾರ್ಚ್ 31ರಂದು ಟ್ರಫಾಲ್ಗರ್ ಚೌಕದಲ್ಲಿ ದೊಂಬಿಯೆದ್ದಿತು. ಅದೇ ನವೆಂಬರಿನಲ್ಲಿ ಪ್ರಧಾನಿಯೇ ಕುರ್ಚಿ ಬಿಟ್ಟರು. ಪೋಲ್ ಟ್ಯಾಕ್ಸಿನ ಜಾಗಕ್ಕೆ ಕೌನ್ಸಿಲ್ ಟ್ಯಾಕ್ಸ್ ಎಂಬ ಹೊಸ ತೆರಿಗೆ ತರುವ ಹೊಣೆ ಸಚಿವ ಮೈಕೆಲ್ ಹೆಸಲ್ಟೈನ್ ಅವರ ಹೆಗಲಿಗೆ ಬಿತ್ತು. 1992ರಲ್ಲಿ ಶಾಸನವಾಯಿತು, 1993ರ ಏಪ್ರಿಲ್ 1ರಂದು ತೆರಿಗೆ ಜಾರಿಗೆ ಬರಬೇಕಿತ್ತು, ಅಷ್ಟರೊಳಗೆ ದೇಶದ ಕೋಟಿಗಟ್ಟಲೆ ಮನೆಗಳಿಗೆ ಬೆಲೆ ಕಟ್ಟಬೇಕಿತ್ತು. ಖಾಸಗಿ ಎಸ್ಟೇಟ್ ಏಜೆಂಟರಿಗೂ ಗುತ್ತಿಗೆ ಹೋಯಿತು. ಮನೆಯೊಳಗೆ ಹೋಗುವುದಿರಲಿ, ಕಾರಿನಿಂದ ಇಳಿಯಲೂ ಪುರುಸೊತ್ತಿಲ್ಲದೆ ಬೀದಿಬೀದಿಯನ್ನು ಎರಡನೇ ಗೇರಿನಲ್ಲಿ ಸುತ್ತಿ, ಕಿಟಕಿಯ ಗಾಜಿನಾಚೆ ಕಂಡ ಮುಂಬಾಗಿಲುಗಳಿಗೆ ಅಕ್ಷರ ಹಂಚಿಕೊಂಡು ಹೋದರೆಂಬುದು ಆ ಕಾಲದ ಬಗ್ಗೆ ಇಂದಿಗೂ ಚಾಲ್ತಿಯಲ್ಲಿರುವ ಮಾತು. ಹಾಗೆ ಗಂಟೆಗೆ ಹದಿನೈದೋ ಇಪ್ಪತ್ತೋ ಮೈಲಿ ವೇಗದಲ್ಲಿ ದೊರೆತ ಅಕ್ಷರ, ಇಂದು ಆ ಮನೆಯಲ್ಲಿ ಇರುವವರ ಪಾಲಿಗೆ ಹಣೆಬರಹವಾಗಿ ಉಳಿದಿದೆ.

ಹಣೆಬರಹವನ್ನು ಪ್ರಶ್ನಿಸುವ ಹಕ್ಕನ್ನು ಶಾಸನ ಕೊಟ್ಟಿಲ್ಲವೆಂದಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. 1991ರಲ್ಲಿ ಹಾಸನದ ಶಾಲೆಯೊಂದರಲ್ಲಿ ಮಗ್ಗಿ ಕಲಿಯುತ್ತಿದ್ದ ಹುಡುಗ ಈಗ ರೆಡಿಂಗಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರಾಗಿ, ಸಾಲ ಮಾಡಿ, ಜೋಡಿಮನೆಯ ಒಂದು ಭಾಗವನ್ನು ಕೊಂಡಿದ್ದಾನೆ. ನಡುಗೋಡೆಯ ಆಚೆಯ ಮನೆ ಇವನದರ ಪಡಿಯಚ್ಚು: ಅದೇ ಕಿಟಕಿ, ಅದೇ ಹೊಗೆಗೂಡು, ಅದೇ ವರ್ಷ ಕಟ್ಟಿದ್ದು. ಅದು ಸಿ ಬ್ಯಾಂಡಿನಲ್ಲಿದೆ, ಇವನದು ಡಿ. ಸಿ ಬ್ಯಾಂಡಿನವರು ಎಂಟು ಪೌಂಡು ಕೊಡುವಲ್ಲಿ ಡಿ ಬ್ಯಾಂಡಿನವರು ಒಂಬತ್ತು ಕೊಡಬೇಕೆಂಬುದು ನಿಯಮ. ತೆರಿಗೆದಾರನಾದ ಆರು ತಿಂಗಳೊಳಗೆ ಅವನು ವಿಧಿವತ್ತಾಗಿ ತಕರಾರು ಸಲ್ಲಿಸಬಹುದು. ಆರು ತಿಂಗಳು ಕಳೆದರೆ ದಯವಿಟ್ಟು ಇನ್ನೊಮ್ಮೆ ನೋಡಿ ಎಂಬ ಕೋರಿಕೆ ಮಾತ್ರ ಸಾಧ್ಯ. ಅದನ್ನು ತಳ್ಳಿಹಾಕಿದರೆ ನ್ಯಾಯಮಂಡಳಿಗೆ ಹೋಗುವ ಹಾಗೂ ಇಲ್ಲ. ನಮ್ಮ ಹುಡುಗ ಜಾಣ, ಗಡುವಿನೊಳಗೆ ಸಲ್ಲಿಸಿದ. ಮೊದಲು ಬ್ಯಾಂಡ್ ನಿಗದಿ ಮಾಡುವ ವ್ಯಾಲ್ಯುಯೇಶನ್ ಆಫೀಸ್ ಒಲ್ಲೆನೆಂದಿತು. ಆ ಮೇಲೆ, ಮೂರು ತಿಂಗಳ ಗಡುವನ್ನು ಮೀರದೆ ಹೋದ ಮೇಲ್ಮನವಿಯನ್ನು ವ್ಯಾಲ್ಯುಯೇಶನ್ ಟ್ರಿಬ್ಯೂನಲ್ ವಜಾ ಮಾಡಿತು. ಎಲ್ಲವೂ ಉಚಿತ, ಎಲ್ಲರೂ ಸೌಜನ್ಯಮೂರ್ತಿಗಳು. ಮಂಡಳಿಯ ಸದಸ್ಯರಂತೂ ಸಂಬಳವಿಲ್ಲದೆ ಸೇವೆ ಸಲ್ಲಿಸುವ ಸ್ವಯಂಸೇವಕರು. ಅವರನ್ನು ಬೈಯಲು ಮನಸ್ಸೂ ಬರುವುದಿಲ್ಲ.

ವಜಾ ಆದದ್ದೇಕೆ ಎಂಬುದರಲ್ಲಿ ಸ್ವಾರಸ್ಯವೆಲ್ಲ ಅಡಗಿದೆ. 1991ರ ಏಪ್ರಿಲಿನ ಬೆಲೆಗೆ ಸಾಕ್ಷಿ ಬೇಕು. 1989ರ ಏಪ್ರಿಲ್ 1ರಿಂದ 1993ರ ಮಾರ್ಚ್ 31ರ ನಡುವೆ ಅದೇ ಬಡಾವಣೆಯಲ್ಲಿ ಮಾರಾಟವಾದ, ಅದೇ ಅಳತೆಯ, ಅದೇ ಮಾದರಿಯ ಮನೆಗಳ ಬೆಲೆಗಳಾದರೆ ಕಚೇರಿ ಸಂತೋಷದಿಂದ ನೋಡುತ್ತದೆ. ಲ್ಯಾಂಡ್ ರಿಜಿಸ್ಟ್ರಿ ಸಾರ್ವಜನಿಕರಿಗೆ ತೆರೆದಿಟ್ಟಿರುವ ಮಾರಾಟದ ಬೆಲೆಗಳ ಪಟ್ಟಿ ಶುರುವಾಗುವುದು 1995ರ ಜನವರಿಯಿಂದ. ಹಾಗಾದರೆ ಇಂದಿನ ಬೆಲೆಯನ್ನು ಸೂಚ್ಯಂಕ ಹಿಡಿದು ಹಿಂದಕ್ಕೆ ಲೆಕ್ಕ ಹಾಕೋಣವೇ ಎಂದರೆ ಅದೂ ಕೂಡದು: ನೇಷನ್‌ವೈಡ್ ಮನೆಬೆಲೆ ಸೂಚ್ಯಂಕ, ರೈಟ್‌ಮೂವ್, ಜೂಪ್ಲಾದಂಥ ಮನೆ ಮಾರಾಟದ ಜಾಲತಾಣಗಳು ಮುಂತಾದವುಗಳ ಸರಾಸರಿ ಬೆಲೆಗಳನ್ನು ಸಾಕ್ಷಿಯೆಂದು ಒಪ್ಪುವುದಿಲ್ಲವೆಂದು ಕಚೇರಿಯ ಮಾರ್ಗಸೂಚಿ ಮೊದಲೇ ಹೇಳಿಬಿಟ್ಟಿದೆ. ಕೊನೆಗೆ ಹಾಸನದ ಹುಡುಗ ಸ್ಥಳೀಯ ಗ್ರಂಥಾಲಯದ ನೆಲಮಾಳಿಗೆಗೆ ಇಳಿದು, ಮೈಕ್ರೊಫಿಲ್ಮ್ ಯಂತ್ರದ ಹಿಡಿಕೆ ತಿರುಗಿಸುತ್ತ, ಬಳಸಿದ ಫೋರ್ಡ್ ಎಸ್ಕಾರ್ಟ್ ಕಾರುಗಳ ಮತ್ತು ಕಳೆದುಹೋದ ಬೆಕ್ಕುಗಳ ಜಾಹೀರಾತುಗಳ ನಡುವೆ ತನ್ನ ಬೀದಿಯ ಹೆಸರನ್ನು ಹುಡುಕುತ್ತಾನೆ. ಸಿಕ್ಕೇಬಿಟ್ಟಿತು: ಮೂರು ಕೋಣೆಯ ಜೋಡಿಮನೆ, 66,500 ಪೌಂಡು! ಸಿ ಬ್ಯಾಂಡಿನ ಮಿತಿ 68,000. ವಿಚಾರಣೆಯಲ್ಲಿ ಇದನ್ನು ಹಿಗ್ಗಿನಿಂದ ಮುಂದಿಟ್ಟಾಗ ಅಧಿಕಾರಿ ವಿನಯದಿಂದ ತಿಳಿಸುತ್ತಾರೆ: ಜಾಹೀರಾತಿನಲ್ಲಿರುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ.

ಆ ಮಾತು ನೂರಕ್ಕೆ ನೂರು ಸರಿ. ಹಾಗಾದರೆ ನಿಮ್ಮ ಪ್ರಕಾರ ಈ ಮನೆಯ ಬೆಲೆ ಎಷ್ಟಿತ್ತು ಎಂದು ಹುಡುಗ ಕೇಳಿದರೆ, ಕಚೇರಿ ಒಂದು ಸಂಖ್ಯೆಯನ್ನು ಹೇಳಲೇಬೇಕೆಂದಿಲ್ಲ. ಪಟ್ಟಿಯಲ್ಲಿರುವುದು ಬೆಲೆಯಲ್ಲ, ಅಕ್ಷರ. ತೆರಿಗೆಯ ಬಿಲ್ಲಿನಲ್ಲಿ ಅಚ್ಚಾಗಿರುವುದೂ ಅದೇ. 68,000ಕ್ಕೂ 88,000ಕ್ಕೂ ನಡುವೆ ಎಲ್ಲೋ ಒಂದು ಕಡೆ ಈ ಮನೆಯ ಬೆಲೆ ವಾಸವಾಗಿತ್ತೆಂದರೆ ಸರಕಾರದ ಕೆಲಸ ಮುಗಿಯಿತು. ಯಾರೂ ಎಂದೂ ಹೇಳದ ಬೆಲೆಯೊಂದು ತಪ್ಪೆಂದು, ಎಂದೂ ನಡೆಯದ ಮಾರಾಟವೊಂದರ ದಾಖಲೆ ತಂದು, ಆಗ ಆ ದೇಶದಲ್ಲೇ ಇರದಿದ್ದ ಮನುಷ್ಯ ಸಾಬೀತುಪಡಿಸಬೇಕು. ಸರಕಾರದ ಊಹೆಗೆ ಕಾರಿನ ಕಿಟಕಿ ಸಾಕಾಯಿತು. ಪ್ರಜೆಯ ಊಹೆಗೆ ಕ್ರಯಪತ್ರ ಬೇಕಾಯಿತು.

ಅಳತೆಯ ಅಧ್ಯಾಯವನ್ನು ಇಲ್ಲಿ ಬಿಡುವಂತಿಲ್ಲ. ಹುಡುಗ ಭಾನುವಾರವೆಲ್ಲ ಟೇಪು ಹಿಡಿದು ಕೋಣೆಕೋಣೆಯನ್ನು ಅಳೆದು, ಚದರ ಮೀಟರುಗಳನ್ನು ಕೂಡಿಸಿ ಪಟ್ಟಿ ಮಾಡಿಕೊಂಡು ಹೋಗಿದ್ದ. ಕಚೇರಿ ಇಂಥ ಮನೆಗಳನ್ನು ಅಳೆಯುವುದು ಹೊರಗೋಡೆಯಿಂದ ಹೊರಗೋಡೆಗೆ. ಗೋಡೆಯ ದಪ್ಪವೂ ವಾಸಯೋಗ್ಯ. ಮಾಡು ಸೋರುತ್ತದೆ, ಕಿಟಕಿಯ ಚೌಕಟ್ಟು ಕೊಳೆತಿದೆ ಎಂಬ ಫೋಟೋಗಳನ್ನೂ ಅವನು ಜೋಡಿಸಿದ್ದ. ಅವುಗಳಿಂದಲೂ ಪ್ರಯೋಜನವಾಗಲಿಲ್ಲ, ಏಕೆಂದರೆ ಬೆಲೆ ಕಟ್ಟುವಾಗ ಮನೆ ತಕ್ಕಮಟ್ಟಿಗೆ ಸುಸ್ಥಿತಿಯಲ್ಲಿದೆ ಎಂದೇ ಭಾವಿಸಿಕೊಳ್ಳಬೇಕೆಂದು ನಿಯಮವಿದೆ. ಬಕೆಟ್ಟಿಗೆ ಬೀಳುವ ನೀರು ವಾಸ್ತವ. ಸೋರದ ಮಾಡು ಶಾಸನ.

ಇನ್ನು ನಡುಗೋಡೆಯಾಚೆಯ ಸಿ ಬ್ಯಾಂಡಿನ ಕಥೆ. ಒಂದೇ ಥರದ ಎರಡು ಮನೆಗಳಿಗೆ ಬೇರೆ ಬೇರೆ ಅಕ್ಷರವಿದ್ದರೆ ಯಾವುದೋ ಒಂದು ತಪ್ಪು ಎಂಬ ಹುಡುಗನ ತರ್ಕವನ್ನು ಕಚೇರಿ ಅಲ್ಲಗಳೆಯಲಿಲ್ಲ. ತಪ್ಪಿರುವುದು ಪಕ್ಕದ ಮನೆಯದಿರಬಹುದಲ್ಲವೇ ಎಂದು ಮಾತ್ರ ಕೇಳಿತು. ಬ್ಯಾಂಡ್ ಇಳಿಸಿರೆಂದು ಅರ್ಜಿ ಹಾಕಿದರೆ ಏರಿಸುವ ಅಧಿಕಾರವೂ ಕಚೇರಿಗಿದೆ, ಸಾಕ್ಷಿಯಾಗಿ ತೋರಿಸಿದ ನೆರೆಮನೆಯದನ್ನು ಏರಿಸುವ ಅಧಿಕಾರವೂ ಇದೆ. ಹದಿನೈದು ವರ್ಷಗಳಿಂದ ಅಲ್ಲೇ ಇರುವ ನಿವೃತ್ತ ಮೇಡಂ, ಕ್ರಿಸ್‌ಮಸ್ಸಿಗೆ ಕೇಕು ಕಳಿಸಿ ದೀಪಾವಳಿಗೆ ಚಕ್ಕುಲಿ ತಿನ್ನುವವರು, ಒಂದು ಬೆಳಗ್ಗೆ ಬಾಗಿಲಿಗೆ ಬಿದ್ದ ಕಂದು ಲಕೋಟೆಯನ್ನು ಒಡೆದು ತಾವು ಡಿ ಬ್ಯಾಂಡಿಗೆ ಬಡ್ತಿ ಪಡೆದ ಸುದ್ದಿ ಓದಿದರೆ, ಆ ವರ್ಷದ ಚಕ್ಕುಲಿಯ ಗತಿಯನ್ನು ಯಾರೂ ವಿವರಿಸಬೇಕಾಗಿಲ್ಲ. ಬೀದಿಯ ಜನ ಈ ವಿಚಾರದಲ್ಲಿ ತುಟಿ ಬಿಚ್ಚದಿರುವುದು ಬ್ರಿಟಿಷ್ ಸಂಕೋಚದಿಂದ ಎಂದು ಭಾವಿಸುವವರು ಇನ್ನೂ ಬಿಲ್ಲು ಓದಿದವರಲ್ಲ.

ವಜಾ ಆದ ಮೇಲೂ ದಾರಿಗಳಿವೆ. ನಾಲ್ಕು ವಾರಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಕಾನೂನಿನ ಪ್ರಶ್ನೆಯಿದ್ದರೆ ಮಾತ್ರ. ಬೆಲೆ ತಪ್ಪೆಂಬುದು ಕಾನೂನಿನ ಪ್ರಶ್ನೆಯಲ್ಲ, ಮತ್ತು ಅಲ್ಲಿ ಸೋತರೆ ಎದುರು ಪಕ್ಷದ ಖರ್ಚು ತಲೆಗೆ ಬರಬಹುದು. ಬೇಸತ್ತು ಮನೆಯನ್ನು ಮಾರಿದರೆ, ಕೊಂಡವನಿಗೆ ಹೊಸದಾಗಿ ಆರು ತಿಂಗಳು ಸಿಗುತ್ತದೆ. ಆದರೆ ಅವವೇ ಸಂಗತಿಗಳ ಮೇಲೆ ನ್ಯಾಯಮಂಡಳಿ ಆಗಲೇ ತೀರ್ಪು ಕೊಟ್ಟಿದ್ದರೆ ಅವನೂ ಮತ್ತೆ ಅದನ್ನೇ ಎತ್ತುವಂತಿಲ್ಲ, ಅಂದರೆ ಹುಡುಗನ ಸೋಲು ಬಾಗಿಲು, ಕಿಟಕಿ, ಬಾಯ್ಲರುಗಳ ಜೊತೆಗೆ ಮುಂದಿನವನಿಗೆ ಹಸ್ತಾಂತರವಾಗುತ್ತದೆ. ಮನೆಯ ಒಂದು ಭಾಗವನ್ನು ಕೆಡವಿ ಬೆಲೆ ತಗ್ಗಿತೆಂದು ಹೇಳುವುದಕ್ಕೂ ನಿಯಮದಲ್ಲಿ ಅವಕಾಶವಿದೆ. ಅಡುಗೆಮನೆಯನ್ನು ನೆಲಸಮ ಮಾಡಿದವನು ಆ ಮೇಲೆ, ಅಡುಗೆಮನೆಯಿಲ್ಲದ ಅಂಥ ಮನೆ 1991ರಲ್ಲಿ ಎಷ್ಟು ಬಾಳುತ್ತಿತ್ತು ಎಂಬ ವಾದಕ್ಕೆ ಸಿದ್ಧನಾಗಬೇಕು, ಅಷ್ಟೆ. ಈ ಎಲ್ಲ ವ್ಯವಹಾರ ನಡೆಯುವಾಗ ಏಪ್ರಿಲಿನಿಂದ ಜನವರಿಯವರೆಗಿನ ಹತ್ತು ಕಂತುಗಳನ್ನು ತಪ್ಪದೆ ಕಟ್ಟುತ್ತಿರಬೇಕು. ತಕರಾರು ಬಾಕಿಯಿದೆ ಎಂಬುದು ಕಂತು ತಡೆಯಲು ಕಾರಣವಲ್ಲ.

ಎಲ್ಲರ ಮನೆಗೂ ಹೊಸದಾಗಿ ಬೆಲೆ ಕಟ್ಟಿದರಾಯಿತಲ್ಲ ಎಂದು ಮುಗ್ಧರು ಕೇಳುತ್ತಾರೆ. ವೇಲ್ಸ್ ಆ ಸಾಹಸ ಮಾಡಿತು: 2003ರ ಬೆಲೆಗಳ ಮೇಲೆ 2005ರಲ್ಲಿ ಹೊಸ ಬ್ಯಾಂಡುಗಳನ್ನು ತಂದಾಗ ಸುಮಾರು ಮೂರರಲ್ಲೊಂದು ಪಾಲು ಮನೆಗಳು ಮೇಲಿನ ಬ್ಯಾಂಡಿಗೆ ಜಿಗಿದವು. ಅದನ್ನು ಕಂಡ ಇಂಗ್ಲೆಂಡಿನ ಸರಕಾರ 2007ಕ್ಕೆಂದು ಹಮ್ಮಿಕೊಂಡಿದ್ದ ಮರುಮೌಲ್ಯಮಾಪನವನ್ನು 2005ರಲ್ಲೇ ಮುಂದೂಡಿತು. ಆಮೇಲೆ ಬಂದ ಯಾವ ಪಕ್ಷದ ಸರಕಾರವೂ ಆ ಹಾವಿನ ಹುತ್ತಕ್ಕೆ ಕೈ ಹಾಕಲಿಲ್ಲ. ಪರಿಣಾಮವಾಗಿ, ಕಳೆದ ತಿಂಗಳು ಬಣ್ಣ ಒಣಗಿದ ಹೊಸ ಅಪಾರ್ಟ್‌ಮೆಂಟಿಗೂ 1991ರಲ್ಲಿ ಇದ್ದಿದ್ದರೆ ಎಷ್ಟು ಬಾಳುತ್ತಿತ್ತು ಎಂದು ಬೆಲೆ ಕಟ್ಟಲಾಗುತ್ತದೆ. ಅದರ ಛಾವಣಿಯ ಸೌರಫಲಕ ಮತ್ತು ಕೆಳಗಿನ ಎಲೆಕ್ಟ್ರಿಕ್ ಕಾರಿನ ಚಾರ್ಜರನ್ನು 1991ರ ಪ್ರಧಾನಿ ಜಾನ್ ಮೇಜರ್ ಕಾಲದ ಕಣ್ಣಿನಿಂದ ನೋಡಬಲ್ಲ ಕಲ್ಪನಾಶಕ್ತಿ ಯಾವ ಕವಿಗೂ ಇರಲಾರದು. ಅಕ್ಷರದ ಜೊತೆ ಊರಿನ ದರವೂ ಸೇರುವುದರಿಂದ, 2024–25ರಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನ ಎಚ್ ಬ್ಯಾಂಡಿನ ಮಹಲಿಗೆ ಬಂದ ಬಿಲ್ಲು ಎರಡು ಸಾವಿರ ಪೌಂಡನ್ನು ಮುಟ್ಟಲಿಲ್ಲ, ಇಂಗ್ಲೆಂಡಿನ ಡಿ ಬ್ಯಾಂಡಿನ ಸರಾಸರಿ ಬಿಲ್ಲು 2,171 ಪೌಂಡು.

ಸರಕಾರಕ್ಕೆ ಇಂದಿನ ಬೆಲೆ ಕಟ್ಟಲು ಬರುವುದೇ ಇಲ್ಲವೆಂದು ಯಾರೂ ಭಾವಿಸಬಾರದು. ಇಪ್ಪತ್ತು ಲಕ್ಷ ಪೌಂಡಿಗಿಂತ ಹೆಚ್ಚು ಬಾಳುವ ಮನೆಗಳ ಮೇಲೆ 2028ರ ಏಪ್ರಿಲಿನಿಂದ ವರ್ಷಕ್ಕೆ 2,500ರಿಂದ 7,500 ಪೌಂಡಿನವರೆಗೆ ಹೆಚ್ಚುವರಿ ತೆರಿಗೆ ಹಾಕುವುದಾಗಿ 2025ರ ನವೆಂಬರಿನ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಘೋಷಿಸಿದರು. ಅದಕ್ಕೆ ಆಧಾರ 2026ರ ಬೆಲೆ. ಹಾಗಾಗಿ ತನ್ನ ಮನೆಯನ್ನು ಸರಕಾರ ಒಮ್ಮೆಯಾದರೂ ಈ ಶತಮಾನದಲ್ಲಿ ನಿಂತು ನೋಡಲಿ ಎಂದು ಹಂಬಲಿಸುವ ರೆಡಿಂಗಿನ ಹುಡುಗನಿಗೆ ಕೊನೆಯದೊಂದು ಮಾರ್ಗ ತೆರೆದಿದೆ: ಇಪ್ಪತ್ತು ಲಕ್ಷ ಪೌಂಡಿನ ಮನೆಯನ್ನು ಕೊಂಡುಕೊಳ್ಳಬೇಕು. ಆಗಲೂ ಹೆಚ್ಚುವರಿ ತೆರಿಗೆಯನ್ನು ಮಾತ್ರ 2026ರ ಬೆಲೆಯ ಮೇಲೆ ಕಟ್ಟುತ್ತಾನೆ; ಮೂಲ ತೆರಿಗೆಗೆ ಅದೇ ಮನೆ, ಅದೇ ಹಜಾರ, ಅದೇ ಹೂದೋಟ 1991ರ ಬೆಲೆಯಲ್ಲೇ ಇರುತ್ತವೆ, ಮತ್ತು ಆ ಬೆಲೆ ತಪ್ಪೆಂದು ಅನ್ನಿಸಿದರೆ ತಕರಾರಿಗೆ ಅವನಿಗೆ ಮತ್ತೆ ಆರು ತಿಂಗಳ ಕಾಲಾವಕಾಶವಿದೆ.